ದೀಪ ಹೊತ್ತಾಕಿಯ ಕಿವಿ

ಮೊದಲಿನ ರೋಶನ್ ಬ್ಯಾಂಡ್ ಮತ್ತ ಬರಲ್ಲ ಬಿಡ್ರಿ, ಅಂತಾರ
ಶಹಾಬಾದಿನ ಸ್ಟೇಶನ್ ರೋಡಿನ್ಯಾಗ ಚಾ ಕುಡಿಯೋರು.
ನಾ ಸುಮ್ಕ ಬಸಿ ತೊಳಿತೀನಿ.
ಅವರು ಕಣ್ಣಿಲೆ ಕೇಳಿದವರು.
ನಂದು ಹಂಗಲ್ಲ.

ಮೂವತ್ತೊಂದು ವರ್ಷ
ಆ ಬ್ಯಾಂಡಿನ ಮುಂದ ನಾಕು ಹೆಜ್ಜಿ ನಡದಾಕಿ ನಾನು,
ತಲಿ ಮ್ಯಾಲ ಸಿಂಬಿ, ಸಿಂಬಿ ಮ್ಯಾಲ ದೀಪ,
ಮೊದಲ ಗ್ಯಾಸ್‌ಬತ್ತಿ, ಆಮ್ಯಾಲ ಟ್ಯೂಬಿನ ಗಿಡ,
ಹಿಂದ ವಾಯರು, ವಾಯರಿಗೆ ಜನರೇಟರಿನ ಬಂಡಿ.
ಕುತ್ತಿಗಿ ಹೊಳ್ಳಸೋಹಂಗಿಲ್ಲ.
ಹೊಳ್ಳಿಸಿದ್ರ ಬೆಳಕು ಜಾರತದ,
ಬೆಳಕು ಜಾರಿದ್ರ ಹದಿನೈದು ರೂಪಾಯಿ ಹ್ವಾದ್ವು.
ಹಿಂಗಾಗಿ ಯಾರು ಹೆಂಗ ಬಾರಿಸ್ತಾರ ನೋಡಿಲ್ಲ,
ಬೆನ್ನಿಲೆ ಕೇಳೀನಿ.

ಮೊದಮೊದಲು ಹದಿನೆಂಟು ಮಂದಿ.
ಕೆಂಪು ಕೋಟು, ಹೆಗಲಿಗೆ ಬಂಗಾರದ ಗೊಂಡೆ,
ಹೈದರಾಬಾದಿನಿಂದ ತಂದ ನಾಕು ಟ್ರಂಪೆಟ್.
ಊರ ಹೊರಗ ಕಲ್ಲಿನ ಖಣಿ ತನಕ ಕೇಳಸ್ತಿತ್ತು,
ಕೇಳಸೋದೇನೋ ಖರೆ.
ಸಿನಿಮಾದ ಹಾಡು ಬಂದು ವಾರಾ ಆಗಿರ್ತಿರಲಿಲ್ಲ,
ಬಾರಿಸಿ ಮುಗಿಸ್ತಿದ್ರು,
ಮಳಿ ಬರೋದ್ರಾಗ ಜ್ವಾಳ ಒಳಗ ಹಾಕಿದಂಗ ಗಡಿಬಿಡಿ.
ಹುಡುಗರು ಕುಣೀತಿದ್ರು, ನೋಟು ಹಾರ್ತಿದ್ವು,
ನನ್ನ ಬೆನ್ನಿಗೆ ಹದಿನೆಂಟು ಬಾಯಿ ಒಮ್ಮೆಲೆ ಮಾತಾಡಿ
ಒಂದೂ ತಿಳೀತಿರಲಿಲ್ಲ.

ಆಮ್ಯಾಲ ಡಿಜೆ ಬಂತು, ಗೊತ್ತದಲ್ಲ.
ಟ್ರಂಪೆಟ್ಟಿನವರು ಒಬ್ಬೊಬ್ಬರೇ
ಸಿಮೆಂಟ್ ಫ್ಯಾಕ್ಟರಿ ಗೇಟಿಗೆ, ಪುಣೆಗೆ, ಮಣ್ಣಿಗೆ.
ಉಳದವರು ನಾಕು.
ಭೀಮಶಾನ ದೊಡ್ಡ ಡ್ರಮ್ಮು ಒಂದು ಮಗ್ಗಲ ಹರಿದಿತ್ತು,
ಹೊಲಸಲಿಲ್ಲ, ಇನ್ನೊಂದು ಮಗ್ಗಲ ಕೋಲು ಬಿಟ್ಟು ಕೈಲೆ ಬಡದ.
ಮರೆಪ್ಪಗ ಖಣಿ ಧೂಳು ಎದಿಯಾಗ ಕುಂತು
ಬಾಜಾ ಊದೂದ್ರಾಗ ನಡಕ ನಿಂತು ಉಸರು ತಗೋತಿದ್ದ.
ಆ ಜಾಗಾ ಖಾಲಿ.
ಬಿದ್ದನೇನೋ ಅಂತ ಮೊದಲ ಹೆದರಿದೆ.
ವರ್ಷ ಕಳದಂಗ
ನಾನೂ ಅಲ್ಲೇ ಉಸರು ತಗೊಳ್ಳಕತ್ತಿದೆ.
ದಸ್ತಗೀರಸಾಬರ ಮುಂದಿನ ಹಲ್ಲು ಬಿದ್ದು
ಕ್ಲಾರ್ನೆಟ್ ಮ್ಯಾಲಿನ ಸ್ವರಕ್ಕ ಏರವಲ್ದು.
ಕೆಳಗೇ ಅಡ್ಡಾಡ್ತಿತ್ತು,
ಕತ್ತಲ ಮನಿಯೊಳಗ ಕಡ್ಡಿಪೆಟ್ಟಿಗಿ ಹುಡುಕೋ ಕೈಯಂಗ,
ಮೆಲ್ಲಕ, ಎಲ್ಲಾ ಮುಟ್ಟಿಕೋತ.

ಅದೇ ಹಳೀ ಹಾಡು.
ಅದರೊಳಗ ಒಬ್ಬಾಕಿ ಅಳ್ತಾಳ ಅಂತ
ನನಗ ಆವಾಗ ಗೊತ್ತಾತು.

ನಡಕೊಂದು ಮಾತು ಅದ.
ಅಳಿಯ ಕಲಬುರಗಿಗೆ ಕರಕೊಂಡು ಹೋಗಿ
ಸಾಬರಿಗೆ ಹಲ್ಲು ಕಟ್ಟಿಸಿದ.
ಬೆಳ್ಳಾನ ಹಲ್ಲು, ಪಾಲಿಶ್ ಹೊಡದ ಹಾಸುಗಲ್ಲಿನಂಗ.
ವಾಡಿದೊಂದು ಮದಿವ್ಯಾಗ ಹಾಕ್ಕೊಂಡು ಊದಿದ್ರು.
ಏರಿತು ನೋಡ್ರಿ ಮ್ಯಾಲಕ! ಥೇಟ್ ಮೊದಲಿನಂಗ!
ಮಂದಿ ಸೀಟಿ ಹೊಡದ್ರು, ನೂರರ ನೋಟು ಹಾರಿತು.
ನನ್ನ ಬೆನ್ನು ಮಾತ್ರ ಥಂಡಾತು,
ಯಾರೋ ಒಳಗಿಂದ ಬಾಗಲಾ ಹಾಕ್ಕೊಂಡಂಗ.

ಎರಡನೇ ಹಾಡಿಗೆ ತಡಾ ಆತು.
ಕ್ಲಾರ್ನೆಟ್ ಸುಮ್ಮ. ಭೀಮಶಾನ ಕೈ ಸುಮ್ಮ.
ಆಮ್ಯಾಲ ಕೆಳಗಿಂದ, ಭಾಳ ಕೆಳಗಿಂದ,
ಅದೇ ಕತ್ತಲ ಮನಿ, ಅದೇ ಕೈ.

ನಾ ಹೊಳ್ಳಿದೆ.
ಮೂವತ್ತೊಂದು ವರ್ಷದಾಗ ಒಂದೇ ಸಲ,
ದೀಪ ಸಮೇತ, ಇಡೀ ಮೈ ಹೊಳ್ಳಿಸಿ.
ವಾಯರು ಕಾಲಿಗೆ ಸುತ್ತಿತು, ಜನರೇಟರಿನ ಹುಡುಗ ಬೈದ.
ಬೆಳಕು ಸಾಬರ ಮಾರಿ ಮ್ಯಾಲ ಬಿತ್ತು:
ಕೆಂಪು ಕೋಟು ಇಟ್ಟಂಗಿ ಬಣ್ಣಕ್ಕ ಬಂದದ,
ಕಣ್ಣು ಮುಚ್ಚ್ಯಾವ, ಗಲ್ಲ ಒಳಗ ಹೋಗ್ಯಾವ,
ಕೋಟಿನ ಮ್ಯಾಲಿನ ಕಿಸೆದಾಗ
ದಸ್ತಿಯೊಳಗಿಂದ ಇಣಿಕಿ
ಹಲ್ಲು ತಾವಾಗೇ ನಗಲಕತ್ತಾವ.

ಆ ರಾತ್ರಿ ಕೂಲಿ ಹಿಡಕೊಂಡ್ರು. ನಾ ಕೇಳಲಿಲ್ಲ.

ಈಗ ಚಾದಂಗಡ್ಯಾಗ ಬಸಿ ತೊಳಿತೀನಿ.
ಏ, ಕಡೀಕಡೀಗೆ ಅವರು ಮೊದಲಿನಂಗ ಬಾರಸಲಿಲ್ಲ ಬಿಡು, ಅಂತಾರ.
ಹೌದ್ರಿ, ಅಂತೀನಿ, ಬಾರಸಲಿಲ್ಲ.
ದೇವರು ದೊಡ್ಡಾಂವ.