ಒಂದು ಬದಿ ಖಾಲಿ

ಅಪ್ಪನ ಮಟ್ಟಿಗೆ ಕಾಗದಕ್ಕೆ ಎರಡು ಜನ್ಮ.
ಮೊದಲನೆಯದು ಬ್ಯಾಂಕಿನದು, ಎರಡನೆಯದು ನಮ್ಮದು.

ರಥಬೀದಿ ಶಾಖೆಯ ಅಟೆಂಡರ್ ದೂಮಪ್ಪ
ಸಂಜೆ ಬಸ್ಸಿಳಿದು ಜೆಪ್ಪಿನ ಇಳಿಜಾರಲ್ಲಿ ಬರುವಾಗ
ಕಂಕುಳಲ್ಲಿ ಕೊಡೆ, ಕೊಡೆಯೊಳಗೆ ಸುರುಳಿ:
ಟೈಪು ತಪ್ಪಿದ ಹಾಳೆ, ಹಳತಾದ ಫಾರ್ಮು,
ಕೂಡುವ ಯಂತ್ರ ಹೊರಚಾಚಿದ ಉದ್ದ ನಾಲಗೆ.
"ಕಸ ಅಲ್ವಾ, ತಕೊಂಡು ಹೋಗು" ಅಂದಿದ್ದರಂತೆ ಮ್ಯಾನೇಜರು.
"ಒಂದು ಬದಿ ಖಾಲಿ ಉಂಟು ಸಾರ್" ಎಂದನಂತೆ ಅಪ್ಪ,
ಅವರ ತಪ್ಪನ್ನು ತಿದ್ದುವವನ ಹಾಗೆ.

ಮಂಚದಡಿ ಹನ್ನೊಂದು ಬಿಸ್ಕೆಟ್ ಡಬ್ಬ.
ಬಂದ ಲಕೋಟೆಯನ್ನು ಚಹಾದ ಹಬೆಗೆ ಹಿಡಿದು
ಬಿಡಿಸಿ, ಒಳಗು ಹೊರಗು ಮಾಡಿ,
ಗಂಜಿತಿಳಿಯಲ್ಲಿ ಮತ್ತೆ ಅಂಟಿಸಿದರೆ ಹೊಸತು.
ನಮ್ಮ ವಿಳಾಸ ಒಳಗೆ ಕತ್ತಲಲ್ಲಿ ಕೂತು
ಬೇರೆಯವರ ಊರಿಗೆ ಹೋಗುತ್ತಿತ್ತು.
ವಾರಿಜಕ್ಕನ ಮದುವೆಯ ಖರ್ಚೆಲ್ಲ
ಯಾರದೋ ಮದುವೆ ಕಾಗದದ ಬೆನ್ನಲ್ಲಿ.
ಜೂನ್ ತಿಂಗಳು ನನ್ನ ಸಮಾಜ ಪುಸ್ತಕಕ್ಕೆ ಅಂಗಿ;
ಅಶೋಕನ ಬೆನ್ನ ಮೇಲೆ ಸಂಕಷ್ಟಿ, ಎರಡು ಭಾನುವಾರ,
ಅಮ್ಮ ಗೀಚಿದ ಹಾಲಿನ ಲೆಕ್ಕ.

ಗುಜಿರಿಯ ಪೊಡಿಯಬ್ಬ ತಿಂಗಳಿಗೊಮ್ಮೆ
ತಕ್ಕಡಿ ಕೆಳಗಿಟ್ಟು ಜಗಲಿಯಲ್ಲಿ ಕೂರುತ್ತಿದ್ದ.
ಆ ಮನೆಯಲ್ಲಿ ಅವನಿಗೆ ಏನೂ ಸಿಕ್ಕಿದ್ದಿಲ್ಲ.
ಒಂದು ಸಲ ಅಪ್ಪನೇ
ಅವನ ಗೋಣಿಯಿಂದ ಎರಡು ಕಿಲೊ ಆರಿಸಿ
ರೊಕ್ಕ ಕೊಟ್ಟ.
"ನಿಮ್ಮಂಥವರು ನಾಲ್ಕು ಜನ ಇದ್ದರೆ
ನಾನು ಮೀನು ಹಿಡೀಲಿಕ್ಕೆ ಹೋಗಬೇಕಷ್ಟೆ, ದೂಮಣ್ಣ."

ಏಳನೆಯ ಕ್ಲಾಸು. ಸರಳ ಬಡ್ಡಿ.
ಕಚ್ಚಾ ಲೆಕ್ಕ ತೋರಿಸು ಎಂದರು ಸೆವ್ರಿನ್ ಟೀಚರ್.
ಅಸಲು, ದರ, ಕಾಲ,
ಗುಣಿಸಿ ನೂರರಿಂದ ಭಾಗಿಸಿದ್ದೆ. ಉತ್ತರ ಸರಿ.
ಅವರು ಹಾಳೆ ಮಗುಚಿದರು.

ಅಡವಿಟ್ಟ ಬಳೆ ಎರಡು, ಇಪ್ಪತ್ತೆರಡು ಗ್ರಾಂ,
ಬಾಕಿ, ಏಲಂ, ಕೊನೆಯ ತಾರೀಕು.
ತಾರೀಕು ತಪ್ಪು ಬಿದ್ದಿತ್ತು,
ಹಾಗಾಗಿಯೇ ಆ ಹಾಳೆ ನಮ್ಮ ಪಾಲಿಗೆ ಬಂದದ್ದು.
ಹೆಸರು ತಪ್ಪಿರಲಿಲ್ಲ.

ಚಾಕ್‌ಪೀಸಿನ ಹುಡಿ ಮೆತ್ತಿದ ಕೈಗಳು.
ವರ್ಷವಿಡೀ ನೋಡಿದ್ದೆ ಆ ಕೈಗಳನ್ನು;
ಅವುಗಳಲ್ಲಿ ಏನಿಲ್ಲ ಎಂದು
ಅವತ್ತು ನೋಡಿದೆ.

ಬಯ್ಯಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ
ತಮ್ಮ ಬ್ಯಾಗಿಗೆ ಹಾಕಿಕೊಂಡರು.
"ಲೆಕ್ಕ ಸರಿ ಉಂಟು. ಹೋಗಿ ಕೂತುಕೋ."

ರಾತ್ರಿ ಹೇಳಿದಾಗ ಅಪ್ಪ ಉಣ್ಣುತ್ತಿದ್ದ.
ಮಜ್ಜಿಗೆ ಬಡಿಸುವವರೆಗೂ ಕೂರಲಿಲ್ಲ.
ಕೈತೊಳೆದು ಡಬ್ಬಗಳನ್ನೆಲ್ಲ ಹೊರಗೆಳೆದು
ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ
ಹಾಳೆಗಳ ಆ ಬದಿಯನ್ನು ನೋಡಿದ.
ಇಂಗ್ಲಿಷು ಬಾರದು; ಹೆಸರುಗಳನ್ನು ಮಾತ್ರ
ಒಂದೊಂದೇ ಅಕ್ಷರ ಕೂಡಿಸಿ,
ತುಟಿಯಲ್ಲೇ ಓದಿ, ನನ್ನ ಸ್ಕೇಲಿಟ್ಟು
ತಲೆಭಾಗ ಹರಿದು ಹರಿದು
ಬಚ್ಚಲೊಲೆಗೆ ಹಾಕಿದ.
ಇಡೀ ಸುಟ್ಟುಬಿಡಿ ಎಂದಳು ಅಮ್ಮ.
"ಹಾಳೆ ಎಂತ ಮಾಡಿತು, ಪಾಪ."

ಹಾಗೆ ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು
ತಲೆಯಿಲ್ಲದ ಹಾಳೆಗಳಲ್ಲಿ.
ಬ್ಯಾಂಕಿನಿಂದ ಮತ್ತೆ ಸುರುಳಿ ಬರಲಿಲ್ಲ.
ಕೊಡೆಯೊಳಗೆ ಬರೀ ಕೊಡೆ.
ಕ್ಯಾಲೆಂಡರು, ಕರೆಂಟು ಬಿಲ್ಲು, ಚುನಾವಣೆಯ ಚೀಟಿ,
ಅಷ್ಟರಲ್ಲೇ ಸಂಸಾರ ಸಾಗಿತು.

ಮೊನ್ನೆ ಕಂಕನಾಡಿಯ ಲ್ಯಾಬಿನಿಂದ ರಿಪೋರ್ಟು ತಂದೆ.
ದಪ್ಪ ಅಕ್ಷರದ ಅಂಕೆ ನಾಲ್ಕೈದು,
ಪಕ್ಕದಲ್ಲಿ ಇರಬೇಕಾಗಿದ್ದ ಅಂಕೆ.
ಬಸ್ಸಿನಲ್ಲೇ ಓದಿದ್ದೆ. ಮನೆಗೆ ಬಂದು
ಅದನ್ನು ಮಗುಚಿ ಮೇಜಿನ ಮೇಲಿಟ್ಟೆ.
ಮಗುಚಿದ ಮೇಲೆ ಸುಮ್ಮನಿರಲಾಗದೆ ಬರೆದೆ:
ಬಂಗುಡೆ ಎಂಟು, ಕುಚ್ಚಲಕ್ಕಿ, ಹುಳಿ,
ಅಪ್ಪನ ಮಾತ್ರೆ.

ಅಪ್ಪ ಕನ್ನಡಕ ಹುಡುಕಿ ಹಾಕಿಕೊಂಡ.
ಪಟ್ಟಿ ಓದಿದ. ಮಗುಚಿದ.
ಮೇಲಿನ ಸಾಲಿನಲ್ಲಿ ಬೆರಳಿಟ್ಟು
ಅಕ್ಷರ ಕೂಡಿಸಿದ. ತನ್ನದೇ.
ಕೆಳಗಿನದು ಓದಲಿಲ್ಲ.
ಉಗುರಲ್ಲಿ ಗೆರೆ ಎಳೆದು, ಮಡಚಿ,
ಆ ಒಂದು ಪಟ್ಟಿಯನ್ನು ಮೆಲ್ಲನೆ ಹರಿದು
ಅಂಗಿಯ ಕಿಸೆಗೆ ಹಾಕಿಕೊಂಡ.

ಉಳಿದದ್ದನ್ನು ನನ್ನ ಕೈಗೆ ಕೊಟ್ಟ.
"ಕೊತ್ತಂಬರಿ ಬಿಟ್ಟಿದ್ದಿ.
ಬರಿ. ಜಾಗ ಉಂಟಲ್ಲ."