ರಸೀತಿ ಪುಸ್ತಕ

(ಇನ್ಯಂಬಾನೆ, ಮೊಜಾಂಬಿಕ್)

ಗೇರುಮರದ ಕೆಳಗೆ ಇಗರ್ಜಿಯ ಹಳೇ ಮೇಜು,
ಕುಂಟುವ ಕಾಲಿಗೆ ಇಟ್ಟಿಗೆಚೂರು.
ಪಾದ್ರಿ ನ್ಯಾಂತುಂಬು ಮಾಶಿಶೆಗೆ ಹೋಗಿದ್ದಾರೆ, ಲಾರಿ ತರಲು.
ರಸೀತಿ ಬರೆಯುವವಳು ನಾನು.

ಬಂದೂಕಿಗೊಂದು ಹೊಲಿಗೆಯಂತ್ರ, ಬೇಡವಾದರೆ ಸೈಕಲ್ಲು.
ಬರೀ ಗುಂಡು ತಂದವರಿಗೆ ಗುದ್ದಲಿ;
ಎಷ್ಟು ಗುಂಡಿಗೆ ಎಷ್ಟು ಗುದ್ದಲಿ ಎಂದು
ಸಭೆಯ ಹಿರಿಯರು ಎರಡು ರಾತ್ರಿ ಕಿತ್ತಾಡಿದ್ದರು.
ಹೆಸರು ಕೇಳಕೂಡದು. ಯಾವ ಪಕ್ಷ, ಕೇಳಕೂಡದು.
ಯಾರ ಮೇಲೆ ಎಂಬುದನ್ನಂತೂ
ಕಣ್ಣಲ್ಲೂ ಕೇಳಕೂಡದು.

ಹನ್ನೊಂದನೆಯವನು ಮರಗೆಣಸಿನ ಪಾತಿಯಿಂದ ಅಗೆದು ತಂದಿದ್ದ.
ಉಗುರಲ್ಲಿನ್ನೂ ಮಣ್ಣು.
ಮೇಜಿನ ಮೇಲಿಟ್ಟು ಸುತ್ತಿದ್ದನ್ನು ಬಿಚ್ಚಿದ,
ಬಾಣಂತಿ ಕೂಸಿನ ಬಟ್ಟೆ ಬಿಚ್ಚುವ ಹಾಗೆ, ಮೆಲ್ಲಗೆ.
ಬಂದೂಕು ನೋಡಲಿಲ್ಲ ನಾನು. ಬಟ್ಟೆ ನೋಡಿದೆ.
ನೀಲಿ ಕಪುಲಾನ, ಹಳದಿ ಗಿನಿಕೋಳಿಗಳ ಸಾಲು,
ಒಂದು ಕೋಳಿಯ ಕತ್ತಿನ ಮೇಲೆ ಕೆಂಪು ದಾರದ ತೇಪೆ:
ನಾನೇ ಹಾಕಿದ್ದು, ತಂಗಿ ರೊಜಾರ್ಯ
ಒಲೆಗೆ ಸೆರಗು ತಾಗಿಸಿಕೊಂಡ ದಿನ.

ರಸೀತಿಯಲ್ಲಿ ಬಟ್ಟೆಗೆ ಕಾಲಂ ಇರಲಿಲ್ಲ.
ಬರೆದೆ: ಬಂದೂಕು ಒಂದು, ತುಕ್ಕು. ಕೊಟ್ಟದ್ದು: ಹೊಲಿಗೆಯಂತ್ರ ಒಂದು.
ಸುತ್ತಿದ್ದು ಇಲ್ಲೇ ಬಿಡು, ಅಂದೆ.
ಬಿಟ್ಟು ಹೋದ, ಯಂತ್ರ ತಲೆಯ ಮೇಲೆ ಹೊತ್ತು.

ಭಾನುವಾರ ಪಾದ್ರಿ ಓದಿದರು: ಏಳೆಪ್ಪತ್ತು ಸಾರಿ ಕ್ಷಮಿಸು.
ಲೆಕ್ಕ ಬಲ್ಲವಳು ನಾನು. ನಾನೂರ ತೊಂಬತ್ತು.
ಇದೇ ಪೀಠದಿಂದ, ಯುದ್ಧದ ಎರಡನೇ ವರ್ಷ,
ಹಿಂದಿನ ಪಾದ್ರಿ ಒಂದು ದಂಡಿಗೆ ಪವಿತ್ರಜಲ ಚಿಮುಕಿಸಿದ್ದರು.
ಅವರ ಪಾಲಿಗೆ ಒಂದು ಕಳೆದೆ.
ಉಳಿದದ್ದು ಯಾರ್ಯಾರಿಗೆ ಹಂಚಲಿ?

ಬಟ್ಟೆಯನ್ನು ಮೂರು ಸಲ ಒಗೆದೆ. ಎಣ್ಣೆ ಹೋಗಲಿಲ್ಲ.

ಈಗ ಅವನು ಸಂತೆಯ ಮೂಲೆಯಲ್ಲಿ ಕೂರುತ್ತಾನೆ. ಫಿನ್ಯಾಸ್ ಗ್ವಾಂಬೆ,
ಹೆಸರು ಕೇಳದೆಯೇ ತಿಳಿಯಿತು.
ಗುಂಡಿ ತೋಡಿದ ಕೈ ಅಂಗಿಗೆ ಗುಂಡಿ ಹೊಲಿಯುತ್ತದೆ.
ಅವನ ಮುಂದೆ ಬಟ್ಟೆ ಹರವಿದೆ.
ಗಿನಿಕೋಳಿಗಳನ್ನು ನೋಡಿದ. ಚಕ್ರ ನಿಂತಿತು.
"ಕುಪ್ಪಸ," ಅಂದೆ.
"ಅಳತೆ?" ಅಂದ, ಬಹಳ ಹೊತ್ತಿನ ಮೇಲೆ.
"ಹತ್ತೊಂಬತ್ತು ವರ್ಷ. ನನಗಿಂತ ಸಣ್ಣ ಭುಜ.
ನೀನು ನೋಡಿರಬೇಕು."

ರಸೀತಿ ಕೇಳಿದೆ. ಅವನಿಗೆ ಬರೆಯಲು ಬಾರದು.
ನನ್ನ ಪುಸ್ತಕದ ಹಾಳೆಯಲ್ಲೇ ಹೆಬ್ಬೆಟ್ಟೊತ್ತಿದ,
ಹೆಸರು ಇರಬಾರದ ಜಾಗದಲ್ಲಿ.

ಕುಪ್ಪಸ ಸಿದ್ಧವಾಗಿ ತಿಂಗಳಾಯಿತು.
ಮೊಳೆಗೆ ನೇತುಹಾಕಿದ್ದಾನೆ.
ಯಾರಾದರೂ ಬೆಲೆ ಕೇಳಿದರೆ, ಮಾರುವುದಲ್ಲ ಅನ್ನುತ್ತಾನಂತೆ.
ನಾನಿನ್ನೂ ತರಲು ಹೋಗಿಲ್ಲ.