ಅರ್ತ್

ಸಾಗರದ ನನ್ನ ನಕ್ಷೆಯಲ್ಲಿ ಬೀದಿಗಳಿಲ್ಲ,
ಇಳಿಜಾರುಗಳಿವೆ.
ಅಂಚೆ ಕಚೇರಿ ಎದುರಿನದು ಪರವಾಗಿಲ್ಲ.
ಗ್ಯಾಸ್ ಆಫೀಸು ಸಪಾಟು, ಅಲ್ಲಿಗೆ ನಡೆದೇ ಹೋಗುತ್ತೇನೆ.
ಹಲ್ಲಿನ ಡಾಕ್ಟರನ್ನು ಬದಲಿಸಿದ್ದೂ ಅಷ್ಟಕ್ಕೇ:
ಹೊಸಬರ ಬಾಗಿಲಿನಿಂದ ಸೊರಬ ರಸ್ತೆಯವರೆಗೆ
ಗಾಡಿ ತಾನಾಗಿ ಉರುಳುತ್ತದೆ.

ತೊಂಬತ್ತೇಳರ ಮಾರುತಿ.
ಬೆಳಿಗ್ಗೆ ಕೀಲಿ ತಿರುಗಿಸಿದರೆ
ನಿದ್ದೆಗಣ್ಣಲ್ಲಿ ಬೈಯುವವರ ಹಾಗೆ ಅರ್ಧ ಮಾತು,
ಆಮೇಲೆ ಟಕ್.
ಮೀಟರಿನ ದೀಪ ಮಂಕಾಗಿ, ಕ್ಷಮೆ ಕೇಳಿದಂತೆ ಮತ್ತೆ ಹತ್ತುತ್ತದೆ.

ಮನೆ ಮುಂದೆ ಮಾತ್ರ ಇಳಿಜಾರಿಲ್ಲ.
ಎಂಟೂ ಹತ್ತಕ್ಕೆ ಪಕ್ಕದ ಗೇಟು ಕಿರುಗುಡುತ್ತದೆ.
ವಿಠೋಬ ಶೇಟರು,
ಒಂದೂವರೆ ಅಡಿ ಗೋಡೆಗೆ ನಾಲ್ಕು ವರ್ಷದಿಂದ
ನನ್ನ ಮೇಲೆ ಕೇಸು ನಡೆಸುತ್ತಿರುವವರು,
ಪಂಚೆ ಎತ್ತಿ ಕಟ್ಟಿ, ಮಾತಿಲ್ಲದೆ
ಡಿಕ್ಕಿಗೆ ಎರಡೂ ಅಂಗೈ ಕೊಟ್ಟು ನೂಕುತ್ತಾರೆ.
ಎರಡನೇ ಗೇರು, ಕ್ಲಚ್ಚು ಬಿಟ್ಟೆ, ಎದ್ದಿತು.
ಕನ್ನಡಿಯಲ್ಲಿ ಅವರು ಕೈ ಕೊಡವುತ್ತಿರುತ್ತಾರೆ.
ವಾಯಿದೆ ಇದ್ದ ದಿನವೂ ತಪ್ಪಿಸಿದವರಲ್ಲ.
ಆ ದಿನ ಅವರು ನನ್ನನ್ನು ನೂಕಿದ್ದು
ಕೋರ್ಟಿಗೇ.

ಬ್ಯಾಟರಿ ಎರಡು ಸಲ ಹೊಸತಾಯಿತು.
ಪ್ಲಗ್ಗು ನಾಲ್ಕು. ಸ್ಟಾರ್ಟರಿನ ಕಾರ್ಬನ್ನು.
ಒಬ್ಬ ಪೆಟ್ರೋಲಿಗೆ ಬೈದ, ಒಬ್ಬ ಚಳಿಗೆ.
ಕೊನೆಗೆ ಇನಾಸಣ್ಣನ ಶೆಡ್ಡು.

ಅವನಿಗೆ ಎಡಗಿವಿ ಕೇಳದು.
"ಹ್ಯಾಗೆ ಕೂಗ್ತದೆ, ಮಾಡಿ ತೋರ್ಸಿ."
ಇಪ್ಪತ್ತೆರಡು ವರ್ಷ ಹತ್ತನೇ ತರಗತಿಗೆ
ಹಳಗನ್ನಡ ಓದಿದ ಗಂಟಲಿನಲ್ಲಿ
ರಸ್ತೆ ಬದಿ ನಿಂತು ನಾನು
ಗ್ರ್ರ್ ಅಂದೆ. ಗ್ರ್. ಟಕ್.
ಟೈರು ಉರುಳಿಸುತ್ತಿದ್ದ ಹುಡುಗ ಟೈರು ಬಿಟ್ಟು ನಿಂತ.
ನನ್ನ ಶಾಲೆಯವನೇ.

"ನೂಕಿದ್ರೆ ಹತ್ತತ್ತಾ?"
ಹತ್ತತ್ತೆ.
"ಹಂಗಾರೆ ಪೆಟ್ರೋಲು, ಪ್ಲಗ್ಗು ಪಾಪ, ಅವರ ತಪ್ಪಿಲ್ಲ."
ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿದ.
"ಚೋಕಿನ ಗುಂಡಿ ಬಿಸಿ ಆಗ್ತದಾ?"

ಎಂಥ ಪ್ರಶ್ನೆ ಅದು.
ಯಾರೂ ಕೇಳಿರಲಿಲ್ಲ.
ಹೌದು, ಎಳೆದಾಗಲೆಲ್ಲ ಬೆರಳಿಗೆ ಚುರುಕ್ಕೆನ್ನುತ್ತಿತ್ತು,
ನನ್ನ ಕೈಯೇ ಬಿಸಿಯೆಂದುಕೊಂಡಿದ್ದೆ,
ವಯಸ್ಸಿನದು.

ಇನಾಸಣ್ಣ ನಕ್ಕ.
"ಗಾಡಿಗೆ ಅರ್ಥ ಇಲ್ಲ, ಟೀಚರೇ."

ಸಂದರ್ಭ ಸಹಿತ ವಿವರಿಸು, ಅನ್ನಬೇಕೆನಿಸಿತು.
ಅವನೇ ವಿವರಿಸಿದ, ಬಾನೆಟ್ಟಿನೊಳಗೆ ತಲೆ ಇಟ್ಟು:
"ಕರೆಂಟು ಹೋಗೋದು ಸರೀನೇ ಹೋಗ್ತದೆ. ವಾಪಸು ಬರ್ಬೇಕಲ್ಲ?
ಬರೋ ದಾರಿ ಕಟ್ಟಾಗದೆ.
ಅದಕ್ಕೆ ಪಾಪ ಚೋಕಿನ ಸಣ್ಣ ತಂತಿ ಹಿಡ್ಕೊಂಡು
ನುಗ್ಗಿ ನುಗ್ಗಿ ಮನೆಗೆ ಬರ್ತಾ ಉಂಟು."

ಬ್ಯಾಟರಿಯ ಮೈನಸ್ಸಿನಿಂದ ಇಂಜಿನ್ನಿನ ಮೈಗೆ
ಒಂದು ದಪ್ಪ ವೈರು ಒತ್ತಿ ಹಿಡಿದ.
"ಹೊಡೀರಿ ಈಗ."
ಹೊಡೆದೆ.
ಶೆಡ್ಡಿನ ತಗಡಿನ ಮೇಲಿದ್ದ ಕಾಗೆ ಹಾರಿತು.

ಆಮೇಲೆಲ್ಲ ಸಣ್ಣ ಕೆಲಸ.
ಗೇರ್‌ಬಾಕ್ಸಿನ ಹತ್ತಿರ, ಯಾರೂ ಬಗ್ಗದ ಜಾಗದಲ್ಲಿ,
ಜಡೆ ಹೆಣೆದ ತಾಮ್ರದ ಪಟ್ಟಿ
ಹಸಿರು ಹಿಡಿದು ಮೂರು ಎಳೆ ಉಳಿದಿತ್ತು.
ಉಪ್ಪುಕಾಗದ ಹಾಕಿ ಲೋಹ ಹೊಳೆಯುವತನಕ ತಿಕ್ಕಿದ,
ಹೊಸ ಪಟ್ಟಿ, ಹತ್ತರ ಬೋಲ್ಟು, ಮೇಲೆ ಚೂರು ಗ್ರೀಸು.
ನೂರಾ ಎಂಬತ್ತು.
ಹಳೆಯದನ್ನು ಕಾಗದದಲ್ಲಿ ಸುತ್ತಿ ಕೊಟ್ಟ.
ಏಕೆ ಇಟ್ಟುಕೊಂಡೆನೋ.

ಮರುದಿನ ಎಂಟೂ ಹತ್ತು.
ಕೀಲಿ ತಿರುಗಿಸಿದ್ದೇ ಎದ್ದಿತು.
ಪಕ್ಕದ ಗೇಟೂ ಅಷ್ಟೇ ಹೊತ್ತಿಗೆ ತೆರೆದಿತ್ತು.
ಶೇಟರು ಪಂಚೆ ಅರ್ಧ ಎತ್ತಿದವರು
ಮುಂದೇನು ಮಾಡುವುದೆಂದು ತಿಳಿಯದೆ
ಅದನ್ನೇ ಹಿಡಿದುಕೊಂಡು ನಿಂತಿದ್ದರು.

ಗಾಜು ಇಳಿಸಿದೆ.
"ಸರಿಯಾಯ್ತು" ಅಂದೆ.
ಇಂಜಿನ್ನು ಓಡುತ್ತಿತ್ತು, ಕೇಳಿಸಿತೋ ಇಲ್ಲವೋ.
ಅವರು ಪಂಚೆ ಇಳಿಸಿದರು.
ಬಹಳ ಹೊತ್ತಾದ ಮೇಲೆ,
ಗೋಡೆಯ ಕಡೆ ನೋಡುತ್ತಾ,
"ಏನಾಗಿತ್ತಂತೆ?"

ಹೇಳಲು ಹೊರಟೆ. ಉದ್ದದ ಕತೆ,
ಪ್ರಾರ್ಥನೆಗೆ ತಡವಾಗುತ್ತಿತ್ತು.
ಇಂಜಿನ್ನು ಆರಿಸಿದೆ.
ಬೆರಳು ತಾನಾಗಿ ಚೋಕಿನ ಗುಂಡಿಗೆ ಹೋಯಿತು.
ತಣ್ಣಗಿತ್ತು.